ನೀವು ಕಣ್ಣು ಮುಚ್ಚಿದ್ದ ಏಳು ದಿನ

ಜೋಡಿನಗರ
2168ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಪ್ರೀತಿಯ ಮಧುಮತಿ ಅಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು ಎಂದು ನನಗೆ ಗೊತ್ತು. ನನ್ನ ಅಜ್ಜಿ ಚಿಕ್ಕವಳಿದ್ದಾಗ ಅದನ್ನು ಬದಲಾಯಿಸಿ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು ಮಾಡಿದರು. ಕೊನೆಯದಕ್ಕೆ ಉಳಿತಿಂಗಳು ಎಂದು ಹೆಸರು. ಆ ತಿಂಗಳು ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ. ಹಳೆಯ ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು, ಬಾಕಿ ಉಳಿದ ಕಾಗದಗಳನ್ನು ಬರೆಯುತ್ತೇವೆ. ಜೋಡಿನಗರವೆಂದರೆ ನಿಮ್ಮ ಹುಬ್ಬಳ್ಳಿ ಮತ್ತು ಧಾರವಾಡ. ನಡುವಿನ ಬಯಲೆಲ್ಲ ಮನೆಗಳಾಗಿ ಎರಡೂ ಒಂದೇ ಊರಾದ ಮೇಲೆ ಯಾರ ಹೆಸರು ಮೊದಲು ಬರಬೇಕೆಂದು ದೊಡ್ಡ ಜಗಳವಾಯಿತಂತೆ. ಕೊನೆಗೆ ಎರಡನ್ನೂ ಬಿಟ್ಟರು. ಜನ ಮಾತ್ರ ಇವತ್ತಿಗೂ ಹುಬ್ಬಳ್ಳಿ ಅಂತಲೇ ಅನ್ನುತ್ತಾರೆ.

ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಬೇಕೆಂದು ಮೂರು ತಿಂಗಳು ಹಳೆಯ ಪತ್ರಿಕೆಗಳನ್ನು ಓದಿದ್ದೇನೆ. ನನ್ನ ಹೆಸರು ಇಳಾ. ನಿಮ್ಮ ಮಗಳು ಅರುಂಧತಿ ನನಗೆ ಮುತ್ತಜ್ಜಿ. ಮುತ್ತಜ್ಜಿಯ ತಾಯಿಯನ್ನು ಏನೆಂದು ಕರೆಯಬೇಕೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಾದ್ದರಿಂದ ಎಲ್ಲರೂ ಅಜ್ಜಿ ಎಂದುಬಿಡುತ್ತೇವೆ. ನಿಮಗೀಗ ನಲವತ್ತೊಂದು ವರ್ಷ, ನನಗೆ ಅರವತ್ತಾರು. ನನ್ನಂಥ ಮುದುಕಿ ನಿಮ್ಮನ್ನು ಅಜ್ಜಿ ಎಂದರೆ ನಗು ಬರಬಹುದು. ನಗಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೀವು ಒಮ್ಮೆಯೂ ನಕ್ಕಿಲ್ಲವೆಂದು ಅರುಂಧತಿ ಬರೆದಿದ್ದಾಳೆ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಅದು ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಕೆಲಸದಿಂದ ನಿವೃತ್ತರಾಗುವ ಪ್ರತಿಯೊಬ್ಬರಿಗೂ ಒಂದೇ ಒಂದು ಕಾಗದ ಕಳಿಸುವ ಅವಕಾಶ. ತಲುಪುತ್ತದೆಯೋ ಇಲ್ಲವೋ ಯಾರಿಗೂ ಖಚಿತವಿಲ್ಲ. ಯಾರ ಸಾವಿನ ದಿನವನ್ನೂ ಬರೆಯಬಾರದು ಎಂಬುದೊಂದು ಕಟ್ಟಳೆ ಬಿಟ್ಟರೆ ಬೇರೆ ನಿರ್ಬಂಧವಿಲ್ಲ. ನನ್ನ ಗೆಳತಿಯರು ತಮ್ಮ ಎಳೆಯ ವಯಸ್ಸಿಗೆ ತಾವೇ ಬರೆದುಕೊಂಡರು. ನಾನು ನಿಮಗೆ ಬರೆಯಬೇಕೆಂದು ಬಹಳ ಹಿಂದೆಯೇ ನಿಶ್ಚಯಿಸಿದ್ದೆ, ಏಕೆಂದರೆ ನಿಮಗೆ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿದೆ. ಆಸ್ಪತ್ರೆಯಲ್ಲಿ ಏಳು ದಿನ ನಿಮ್ಮ ಕಣ್ಣು ಮುಚ್ಚಿಯೇ ಇತ್ತು. ಕಿವಿ ತೆರೆದಿತ್ತು. ಕೇಳಿಸಿದ್ದನ್ನಷ್ಟೇ ಹಿಡಿದುಕೊಂಡು ನೀವು ಮನೆಗೆ ಬಂದಿದ್ದೀರಿ. ನಿಮ್ಮ ಮಂಚದ ಆಚೆ ನಡೆದದ್ದನ್ನು ಹೇಳುವುದು ಈ ಕಾಗದದ ಉದ್ದೇಶ. ಇದರಲ್ಲಿ ನನ್ನ ಕಲ್ಪನೆ ಏನೂ ಇಲ್ಲ. ನಿಮಗೆ ಚಿಕಿತ್ಸೆ ಮಾಡಿದ ಡಾಕ್ಟರ್ ಶಬೀನಾ ನದಾಫ ತಮ್ಮ ಖಾಸಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಸ್ವಲ್ಪ, ಮುಪ್ಪಿನಲ್ಲಿ ನಿಮ್ಮ ಯಜಮಾನರು, ನಮ್ಮ ಮೌನೇಶಜ್ಜ, ಮಗಳಿಗೆ ಹೇಳಿದ್ದು ಸ್ವಲ್ಪ. ಎರಡನ್ನೂ ಅರುಂಧತಿ ಒಂದು ಕಟ್ಟಾಗಿ ಕಟ್ಟಿ ನಮಗೆ ಬಿಟ್ಟುಹೋಗಿದ್ದಾಳೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ಉಸಿರ್ಗಾವಲಿನವಳು. ಉಸಿರಾಟ ಸೋಲುತ್ತಿರುವವರ ಪಕ್ಕದಲ್ಲಿ ಕೂತು ಕಾಯುವುದು ನನ್ನ ಕಸುಬು. ನಿಮ್ಮ ಐಸಿಯುವನ್ನು ನಾವು ಆರೈಕೆಗೂಡು ಎನ್ನುತ್ತೇವೆ. ಪ್ರತಿ ಗೂಡಿಗೂ ಒಂದು ಬದಿ ತೋಟಕ್ಕೆ ತೆರೆದಿರುತ್ತದೆ, ಮನೆಯವರಿಗೆ ಅಲ್ಲೇ ಚಾಪೆ. ಬೇಸಿಗೆ ನಿಮ್ಮ ಕಾಲಕ್ಕಿಂತ ಬಹಳ ಕಡುವಾಗಿರುವುದರಿಂದ ಹನ್ನೊಂದರಿಂದ ನಾಲ್ಕರವರೆಗೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಬಿಸಿಲುಬಿಡುವು ಎನ್ನುವ ಆ ಹೊತ್ತಿನಲ್ಲಿ ಗೂಡುಗಳಲ್ಲಿ ಮಾತ್ರ ನಾವು ಎಚ್ಚರವಾಗಿರುತ್ತೇವೆ. ಮಧ್ಯಾಹ್ನದ ಡಬ್ಬಿಯಲ್ಲಿ ಇವತ್ತಿಗೂ ರೊಟ್ಟಿ, ಶೇಂಗಾ ಚಟ್ನಿ. ನಿಮಗಿರುವ ಮಯಸ್ತೇನಿಯಾ ರೋಗ ನಮ್ಮಲ್ಲೂ ಇದೆ, ಆದರೆ ಹದಿನೆಂಟು ತುಂಬಿದವರ ಒಂದು ಹನಿ ರಕ್ತದಲ್ಲೇ ಅದರ ಸುಳಿವು ಸಿಗುತ್ತದೆ. ಉಸಿರಿಗೆ ತೊಂದರೆ ಬಂದರೆ ಗೂಡಿಗೆ ಬಂದ ಮೊದಲ ತಾಸಿನಲ್ಲೇ ಔಷಧಿ ಏರಿಸುತ್ತೇವೆ. ಅದನ್ನು ಮೊದಲ್ಮದ್ದು ಎನ್ನುತ್ತೇವೆ. ಗಂಟಲಿಗೆ ಕೊಳವೆ ಹಾಕುವುದನ್ನು ನನ್ನ ಇಡೀ ಸೇವೆಯಲ್ಲಿ ನಾನು ನೋಡಿದ್ದು ಹನ್ನೊಂದು ಸಲ. ಎಲ್ಲರೂ ಬದುಕುತ್ತಾರೆಂದು ತಿಳಿಯಬೇಡಿ, ನಾವೂ ಸೋಲುತ್ತೇವೆ. ಆದರೆ ಕಾಯುತ್ತಾ ಕೂತು ಸೋಲುವುದಿಲ್ಲ. ನಿಮ್ಮ ಕಾಲದಲ್ಲಿ ಹಾಗಿರಲಿಲ್ಲ. ಕಾಯದೆ ಮದ್ದು ಕೊಡುವ ಈ ರೂಢಿ ಒಬ್ಬರಿಂದ ಬಂದದ್ದಲ್ಲ, ಎಷ್ಟೋ ಊರುಗಳ ಎಷ್ಟೋ ಮಂಚಗಳ ಪಕ್ಕದಲ್ಲಿ ಒಂದೊಂದಾಗಿ ಹುಟ್ಟಿ ಬೆಳೆದದ್ದು. ನಿಮ್ಮದೂ ಅಂಥದೊಂದು ಮಂಚ.

ನಿಮ್ಮ ರೋಗ ಮೊದಲು ಗೊತ್ತಾದದ್ದು ನಿಮ್ಮ ದನಿಯಲ್ಲಿ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಹದಿನಾಲ್ಕು ವರ್ಷ ಮೈಕಿನಲ್ಲಿ ಊರುಗಳ ಹೆಸರು ಹೇಳಿದವರು ನೀವು. ಗದಗ, ಕೊಪ್ಪಳ ಮಾರ್ಗವಾಗಿ ಹೊಸಪೇಟೆಗೆ ಹೋಗುವ ಬಸ್ಸು ಅಂಕಣ ಏಳರಲ್ಲಿ ನಿಂತಿದೆ ಎಂಬುದನ್ನು ಒಂದೇ ಉಸಿರಿನಲ್ಲಿ ನುಣ್ಣಗೆ ಹೇಳುತ್ತಿದ್ದವರು. ಬೆಳಿಗ್ಗೆ ಗಂಟೆಯಂತಿದ್ದ ದನಿ ಸಂಜೆಯಾಗುವಷ್ಟರಲ್ಲಿ ಮೂಗಿನೊಳಗೆ ಹೊಕ್ಕುಬಿಡತೊಡಗಿತು. ಪ್ರಯಾಣಿಕರು ನಕ್ಕರು. ವೇಳಾಪಟ್ಟಿಯ ಒಂದು ಸಾಲು ಎರಡಾಗಿ ಕಾಣಿಸಿತು. ರೆಪ್ಪೆ ಜೋತುಬಿದ್ದು, ನಿದ್ದೆಗಣ್ಣಿನಲ್ಲಿ ಕೆಲಸಕ್ಕೆ ಬರುತ್ತಾಳೆ ಎಂಬ ಮಾತೂ ಬಂತು. ಕೊನೆಗೆ ನರರೋಗ ತಜ್ಞರು ಹೆಸರು ಹೇಳಿದರು. ನಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡಬೇಕಾದ ಕಾವಲು ಕಣಗಳೇ ದಾರಿ ತಪ್ಪಿ, ನರವು ಸ್ನಾಯುವಿಗೆ ಅಪ್ಪಣೆ ಮುಟ್ಟಿಸುವ ಜಾಗವನ್ನು ಹಾಳುಮಾಡುತ್ತವೆ. ಅಪ್ಪಣೆ ಹೊರಡುತ್ತದೆ, ಸ್ನಾಯುವಿಗೆ ತಲುಪುವುದಿಲ್ಲ. ಗುಳಿಗೆಗಳ ಮೇಲೆ ಒಂದೂವರೆ ವರ್ಷ ನಡೆಯಿತು. ನಡುವೆ ಒಮ್ಮೆ ನುಂಗುವುದು ಕಷ್ಟವಾಗಿ ಐದು ದಿನ ಹನಿಹನಿಯಾಗಿ ಔಷಧಿ ಏರಿಸಿದರು. ಅದರಿಂದ ನಿಮಗೆ ಅಷ್ಟಾಗಿ ಗುಣ ಕಾಣಲಿಲ್ಲ.

ಆ ಸೋಮವಾರ ಮಾತ್ರ ನಿಮಗೆ ಚೆನ್ನಾಗಿ ನೆನಪಿರುತ್ತದೆ. ನೆಗಡಿ ಎದೆಗಿಳಿದು ಮೂರು ದಿನವಾಗಿತ್ತು. ಕುಡಿದ ನೀರು ಮೂಗಿನಲ್ಲಿ ಬಂತು. ಮೌನೇಶಜ್ಜ ಆಟೋದಲ್ಲಿ ನಿಮ್ಮನ್ನು ಎದೆಗಾನಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರ್ ಶಬೀನಾ ನಿಮ್ಮ ಮುಂದೆ ಬಗ್ಗಿ, "ಅಕ್ಕಾರ, ಒಂದ ಉಸಿರಿನಾಗ ಒಂದರಿಂದ ಎಣಸ್ರಿ, ಎಲ್ಲೀಮಟ ಹೋಗತೈತಿ ನೋಡೂಣು" ಎಂದರು. ನೀವು ಒಂಬತ್ತಕ್ಕೆ ನಿಂತಿರಿ. ಅವರ ನೋಟ್‌ಬುಕ್ಕಿನಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: ಬಸ್ ಸ್ಟ್ಯಾಂಡಿನಲ್ಲಿ ನಾನು ಇವರ ದನಿ ಕೇಳುತ್ತಲೇ ಕಾಲೇಜಿಗೆ ಹೋದವಳು, ಇವತ್ತು ಒಂಬತ್ತು. ಅರ್ಧ ತಾಸಿನಲ್ಲಿ ಕೊಳವೆ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ಮರುದಿನ ಬೆಳಿಗ್ಗೆ ಮಂಪರಿನ ಔಷಧಿ ಕಡಿಮೆ ಮಾಡಿದಾಗ ನಿಮಗೆ ಎಚ್ಚರವಾಯಿತು, ಆದರೆ ರೆಪ್ಪೆ ಏಳಲಿಲ್ಲ. ನರ್ಸ್ ಫಕೀರಪ್ಪ ಪ್ರತಿ ಸಲವೂ, "ಅಕ್ಕಾರ, ನಾ ಫಕೀರಪ್ಪ. ಈಗ ಕಫಾ ತಗೀತೀನಿ, ಚೂರು ತ್ರಾಸ ಆಕ್ಕೈತಿ" ಎಂದು ಹೇಳಿಯೇ ಕೈ ಹಾಕುತ್ತಿದ್ದರಂತೆ. ನನ್ನ ಕೈಕೆಳಗಿನವರಿಗೆಲ್ಲ ನಾನು ಕಲಿಸಿದ ಮೊದಲ ಪಾಠ ಅದೇ.

ಮಂಗಳವಾರ ಹತ್ತು ಗಂಟೆಗೆ ನಿಮ್ಮ ಕಾಲ್ದೆಸೆಯಲ್ಲಿ ನಿಂತು ಡಾಕ್ಟರ್ ಶಬೀನಾ ನಿಮ್ಮ ಯಜಮಾನರೊಂದಿಗೆ ಆಡಿದ ಮಾತು ನೀವು ಕೇಳಿಸಿಕೊಂಡಿರಿ. ಆಗಿನ ರೂಢಿ ಏನೆಂದರೆ, ಮೊದಲು ಹನಿಹನಿಯಾಗಿ ಏರಿಸುವ ಆ ಹಳೆಯ ಔಷಧಿ ಕೊಟ್ಟು ಎರಡು ವಾರ ನೋಡುವುದು, ಆಮೇಲೂ ಉಸಿರು ಮರಳದಿದ್ದರೆ ಹೊಸದರ ಯೋಚನೆ. ಹೊಸದು ಸಂಶೋಧನೆಯ ಯೋಜನೆಯೊಂದರಿಂದ ಆ ಆಸ್ಪತ್ರೆಗೆ ಬಂದಿತ್ತು. ದಾರಿ ತಪ್ಪಿದ ಆ ಕಣಗಳು ರಕ್ತದಲ್ಲಿ ಬಹಳ ದಿನ ಉಳಿಯದಂತೆ ಮಾಡುವ ಔಷಧಿ ಅದು. ಅದನ್ನು ಮೊದಲೇ, ಈಗಲೇ ಕೊಡಬೇಕೆಂಬುದು ಶಬೀನಾ ಅವರ ಇಂಗಿತ. ಹಿರಿಯ ಡಾಕ್ಟರು ಒಪ್ಪಿದ್ದರು, ಮನೆಯವರು ಒಪ್ಪಿದರೆ ಎಂಬ ಷರತ್ತಿನ ಮೇಲೆ.

"ನೋಡ್ರಿ, ನಾ ನಿಮಗ ಸುಳ್ಳ ಹೇಳೂದಿಲ್ಲ" ಎಂದರು ಶಬೀನಾ. "ಐಸಿಯುದಾಗ ಇಷ್ಟ ಲಗೂನ ಇದನ್ನ ಕೊಟ್ಟಿದ್ದು ಭಾಳ ಮಂದಿಗಲ್ಲ. ಚಲೋ ಆಗೇತಿ ಅಂತ ಓದೇನಿ, ಗ್ಯಾರಂಟಿ ಕೊಡಾಕ ಆಗೂದಿಲ್ಲ. ಸೋಂಕು ತಡಿಯೂ ಶಕ್ತಿ ಕಡಿಮಿ ಆಗಬಹುದು. ಆದ್ರ ನಳಿಗಿ ಮ್ಯಾಲ ಒಂದೊಂದ ದಿನಾ ಹೋದಂಗ ಎದಿಯೊಳಗ ಕೀವು ಆಗೂದು, ಮೈ ಇನ್ನಷ್ಟು ಸೊರಗೂದು ಐತಿ. ಹಳೇ ಔಷಧಿ ಹಿಂದ ಇವ್ರಿಗೆ ಅಷ್ಟ ಹತ್ತಿಲ್ಲ. ಕಾಯೂದರಾಗೂ ಅಪಾಯ ಐತ್ರಿ."

ಮೌನೇಶಜ್ಜ, "ಬ್ಯಾಡ್ರಿ ಮೇಡಂ" ಎಂದರು. "ಹೊಸಾದು ಬ್ಯಾಡ. ಹಳೇದನ್ನ ಕೊಡ್ರಿ. ನಾ ಸಹಿ ಮಾಡೂದಿಲ್ಲ."

ನೀವು ಕೇಳಿಸಿಕೊಂಡದ್ದು ಅಲ್ಲಿಗೆ ಮುಗಿಯಿತು. ಇಬ್ಬರ ಹೆಜ್ಜೆಯ ಸಪ್ಪಳ ಬಾಗಿಲಾಚೆ ಹೋಯಿತು. ಬಾಯಲ್ಲಿ ಕೊಳವೆ, ಕಣ್ಣ ಮೇಲೆ ಎತ್ತಲಾಗದ ರೆಪ್ಪೆ, ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡ ನಿಮ್ಮನ್ನು ಒಂದು ಮಾತೂ ಕೇಳದೆ ಬೇಡ ಎಂದುಬಿಟ್ಟ. ಆ ಹೊತ್ತಿನಲ್ಲಿ ನಿಮ್ಮ ನಾಡಿ ನೂರಾ ಮೂವತ್ತಕ್ಕೆ ಏರಿತೆಂದು ಫಕೀರಪ್ಪ ಹೇಳಿದ್ದನ್ನು ಶಬೀನಾ ಬರೆದಿಟ್ಟಿದ್ದಾರೆ. ನನ್ನ ಕಸುಬಿನಲ್ಲಿ ನಾಡಿಯ ಲೆಕ್ಕ ಓದಿ ಓದಿ ಅಭ್ಯಾಸ. ಆದರೂ ಆ ಅಂಕಿ ನೋಡಿದಾಗಲೆಲ್ಲ ನೂರಾ ನಲವತ್ತು ವರ್ಷ ದಾಟಿ ಬಂದು ನಿಮ್ಮ ಕೈ ಹಿಡಿದುಕೊಳ್ಳಬೇಕು ಅನಿಸುತ್ತದೆ.

ಇನ್ನು ನಿಮಗೆ ಗೊತ್ತಿಲ್ಲದ್ದು. ಬಾಗಿಲಾಚೆಯ ಹಾದಿಯಲ್ಲಿ ಒಂದು ಕಬ್ಬಿಣದ ಬೆಂಚಿತ್ತು. ಮೌನೇಶಜ್ಜ ಅದರ ಮೇಲೆ ಕೂತು ಎರಡೂ ಅಂಗೈ ಮೊಣಕಾಲಿಗೆ ಒತ್ತಿ ಹಿಡಿದುಕೊಂಡರು. ಬಾಗಿಲು ಚೌಕಟ್ಟುಗಳ ಮೇಲೆ ಬಳ್ಳಿ ಕೆತ್ತುವ ಬಡಿಗನ ಕೈಗಳವು. ಶಬೀನಾ ಪಕ್ಕದಲ್ಲಿ ಕೂತರು. ಮೌನೇಶಜ್ಜನೇ ಮಾತು ತೆಗೆದರು.

ಅವರಿಗೆ ಗಂಗವ್ವ ಎಂಬ ತಂಗಿ ಇದ್ದದ್ದು ನಿಮಗೆ ಗೊತ್ತು. ಜ್ವರ ಬಂದು ತೀರಿಕೊಂಡಳೆಂದು ನಿಮಗೆ ಹೇಳಿದ್ದರು. ಜ್ವರವಿದ್ದದ್ದು ನಿಜ. ಆಗ ಮೌನೇಶಜ್ಜನಿಗೆ ಹತ್ತೊಂಬತ್ತು, ಗಂಗವ್ವನಿಗೆ ಹದಿಮೂರು. ಸೈಕಲ್ಲಿನ ಮೇಲೆ ಕೂರಿಸಿಕೊಂಡು ಪಕ್ಕದ ಊರಿನ ಕಂಪೌಂಡರನ ಬಳಿ ಒಯ್ದರು. ಅವನು ಗುಳಿಗೆ ಕೊಟ್ಟು ಎರಡು ದಿನ ನೋಡೋಣ ಎಂದ. "ನಾನ ಅಂದೆ ಮೇಡಂ. ಎರಡ ದಿನಾ ಯಾಕ, ಜೋರಿಂದೊಂದು ಇಂಜೆಕ್ಷನ್ ಹಾಕ್ರಿ, ನಾಳೆ ಆಕಿ ಸಾಲಿಗಿ ಹೋಗಬೇಕು ಅಂದೆ. ಹಾಕಿದ. ಅಲ್ಲೇ ಕಟ್ಟಿ ಮ್ಯಾಲ ಕುಂದರಿಸಿದ್ದೆ. ಅಣ್ಣಾ, ಗಂಟಲಾ ಹಿಡದೈತಿ ಅಂದ್ಲು. ಹತ್ತ ನಿಮಿಷ ಇರಲಿಲ್ರಿ. ಹತ್ತ ನಿಮಿಷ." ಅವರು ಮುಖ ಒರೆಸಿಕೊಂಡರು. "ನಮ್ಮವ್ವಗ ಸೈತ ಹೇಳಿಲ್ಲ. ಮಧುಗೂ ಹೇಳಿಲ್ಲ. ಲಗೂ ಮಾಡ್ರಿ ಅಂತ ನನ್ನ ಬಾಯಿಂದ ಇನ್ನೊಮ್ಮೆ ಬರೂದಿಲ್ರಿ."

ಶಬೀನಾ ಅವರಿಗೆ ಆಗ ಮೂವತ್ತೆರಡು ವರ್ಷ. ಅಂಥ ಹೊತ್ತಿನಲ್ಲಿ ವಿಜ್ಞಾನ ಹೇಳಿ ಗೆಲ್ಲಲು ನೋಡುವವರೇ ಹೆಚ್ಚು. ಅವರು ಹಾಗೆ ಮಾಡಲಿಲ್ಲ. "ನೀವು ಹೇಳಬ್ಯಾಡ್ರಿ ಹಂಗಾರ" ಎಂದರು. "ಆಕಿ ಎಚ್ಚರ ಅದಾಳ, ಬುದ್ಧಿ ನೆಟ್ಟಗೈತಿ. ಆಕಿನ್ನ ಕೇಳೂಣು. ಹೌದಂದ್ರ ಕೈ ಒತ್ತು ಅಂತ ಹೇಳತೀನಿ."

ಮೌನೇಶಜ್ಜ ತಲೆಯಾಡಿಸಿದರು. "ಕೈಯಾಗ ಶಕ್ತಿ ಎಲ್ಲೈತ್ರಿ? ಒತ್ತಿದ್ದೋ, ಸುಮ್ನ ಅಲುಗಾಡಿದ್ದೋ ನನಗ ಹೆಂಗ ತಿಳೀಬೇಕು? ಆಕಿ ಬಾಯಿಲೆ ಹೇಳಿದಂಗ ಹೇಳಬೇಕ್ರಿ. ಅಕ್ಷರ ಅಕ್ಷರ." ಆಮೇಲೆ ಎದ್ದು ನಿಂತು, "ನಾಳೆ ಮುಂಜಾನಿ ಮಟ ತಡೀರಿ" ಎಂದು ಹೊರಟುಹೋದರು.

ಮರುದಿನ ನೀವು ಬೆರಳಿನಿಂದ ಸವರಿದ ಆ ಅಕ್ಷರದ ಹಲಗೆ ಆಸ್ಪತ್ರೆಯದೆಂದು ನೀವು ಇವತ್ತಿನವರೆಗೂ ತಿಳಿದಿದ್ದೀರಿ. ಅದು ಆಸ್ಪತ್ರೆಯದಲ್ಲ, ಅಜ್ಜಿ. ಕಾಣದ ಕಣ್ಣಿಗೆ ಬರೆದ ಅಕ್ಷರ ಉಪಯೋಗವಿಲ್ಲವೆಂದು ಅವರು ತಮ್ಮ ಅಂಗಡಿಗೆ ಹೋಗಿ, ಯಾರದೋ ದೇವರಮನೆ ಬಾಗಿಲಿಗೆಂದು ತೆಗೆದಿಟ್ಟಿದ್ದ ಸಾಗವಾನಿ ಹಲಗೆಯ ಮೇಲೆ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕೂತು ಒಂದೊಂದೇ ಅಕ್ಷರವನ್ನು ಆಳವಾಗಿ ಕೊರೆದರು. ಮಗಳು ಅರುಂಧತಿ ಸೀಸದ ಕಡ್ಡಿಯಿಂದ ಗೆರೆ ಹಾಕಿಕೊಟ್ಟಳು. ಅವಳಿಗಾಗ ಹದಿನಾರು. ಖ, ಘ, ಛ ಎಂದು ಅವಳು ಬರೆಯಹೊರಟಾಗ ಅಪ್ಪ ತಡೆದರಂತೆ. "ಅವು ಬ್ಯಾಡ. ನಿಮ್ಮವ್ವ ಮೈಕಿನಾಗ ಅಷ್ಟ ಅವನ್ನ ಹಚ್ಚತಾಳ. ಮನ್ಯಾಗ ಎಂದರ ಅಂದಾಳೇನು?" ಮೂವತ್ತೊಂದು ಅಕ್ಷರವಾದವು. ಅಂಚು ಬೆರಳಿಗೆ ಚುಚ್ಚಬಾರದೆಂದು ಪ್ರತಿ ಗೆರೆಯೊಳಗೂ ಮರಳುಕಾಗದ ಸುತ್ತಿ ತಿಕ್ಕಿದರು. ಮಹಾಪ್ರಾಣಗಳಿಲ್ಲದ ವರ್ಣಮಾಲೆ ಎಲ್ಲಿಂದ ಬಂತೆಂದು ನಿಮಗೆ ಸೋಜಿಗವಾಗಿದ್ದರೆ ಉತ್ತರ ಇದೇ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ನಿಮ್ಮ ತೋಳಿನಲ್ಲಿ ದಿನದ ಶಕ್ತಿ ಇನ್ನೂ ಸ್ವಲ್ಪ ಉಳಿದಿದ್ದಾಗ, ಫಕೀರಪ್ಪ ನಿಮ್ಮ ಮೊಣಕೈಯನ್ನು ತಮ್ಮ ಅಂಗೈ ಮೇಲೆ ಹೊತ್ತು ಹಿಡಿದರು. ಮೊದಲು ನಿಮ್ಮ ಹೆಸರು ಬರೆಯಿರಿ ಎಂದರು. ನೀವು ಮ, ದ, ಉ, ಮ, ತ, ಇ ಎಂದು ಮುಟ್ಟಿದಿರಿ. ಧ ಸಿಗದೆ ಒಂದು ಕ್ಷಣ ಹುಡುಕಿ ದ ಮುಟ್ಟಿದ್ದನ್ನು ಶಬೀನಾ ಬರೆದುಕೊಂಡಿದ್ದಾರೆ. ಆಮೇಲೆ ಅವರು ಹಿಂದಿನ ದಿನ ಹೇಳಿದ್ದನ್ನೆಲ್ಲ ನಿಮಗೆ ನೇರವಾಗಿ, ನಿಧಾನವಾಗಿ, ಅಪಾಯವನ್ನೂ ಬಿಡದೆ ಹೇಳಿದರು. "ಮಧುಮತಿ ಅಕ್ಕಾರ, ಏನ ಮಾಡೂಣ ಹೇಳ್ರಿ."

ಕ. ಒ. ಡ. ರ. ಇ.

ಐದು ಅಕ್ಷರಕ್ಕೆ ನಾಲ್ಕು ನಿಮಿಷ ಹಿಡಿಯಿತು. ಕೊನೆಯದಾದ ಮೇಲೆ ನಿಮ್ಮ ಕೈ ಫಕೀರಪ್ಪನ ಅಂಗೈಯಲ್ಲೇ ಸೋತು ಬಿತ್ತು. ಕೋಣೆಯಲ್ಲಿ ಡಾಕ್ಟರು, ನರ್ಸು ಇಬ್ಬರೇ ಇದ್ದಾರೆಂದು ನೀವು ತಿಳಿದಿದ್ದಿರಿ. ಮೂರನೆಯವರೂ ಇದ್ದರು. ಮಂಚದ ಇನ್ನೊಂದು ಬದಿಗೆ ನಿಂತು, ಪ್ರತಿ ಅಕ್ಷರ ಮುಟ್ಟಿದಾಗಲೂ ತುಟಿಯಲ್ಲೇ ಅದನ್ನು ಓದುತ್ತಿದ್ದರು. ನೀವು ಮುಗಿಸಿದ ಮೇಲೆ ಸಹಿ ಮಾಡಿದರು. ದನಿ ಒಡೆದೀತೆಂದು ಮಾತಾಡಲಿಲ್ಲ. ನಿಮಗೆ ಕೇಳಿಸದೆ ಹೋದದ್ದು ಅದಕ್ಕೇ.

ಔಷಧಿ ಏರಲು ಒಂದು ತಾಸು ಬೇಕಿತ್ತು. ಶಬೀನಾ ಎರಡು ಸ್ಟೂಲು ತರಿಸಿ, ಒಂದರಲ್ಲಿ ಮೌನೇಶಜ್ಜನನ್ನು ಕೂರಿಸಿ, ಇನ್ನೊಂದರಲ್ಲಿ ತಾವು ಕೂತರು. ತಮ್ಮ ಅಂಗೈ ತೆರೆದು ಅದರಲ್ಲಿದ್ದ ಸಣ್ಣ ಸಿರಿಂಜು ತೋರಿಸಿ, ಸೋತು ಮಲಗಿದ್ದ ನಿಮಗೆ ಕೇಳಿಸದಂತೆ ಅವರ ಕಿವಿಯಲ್ಲೇ ಹೇಳಿದರು. "ಗಂಟಲಾ ಹಿಡದ್ರ ಕೂಡಲೇ ಕೊಡೂ ಔಷಧಿ ಇದು. ಅವತ್ತ ಆ ಕಂಪೌಂಡರ್ ಕಡೆ ಇದು ಇದ್ದಿರಲಿಕ್ಕಿಲ್ಲ. ನನ್ನ ಕೈಯಾಗ ಐತಿ. ನಾ ಇಲ್ಲಿಂದ ಏಳೂದಿಲ್ರಿ." ಮೊದಲ ಹತ್ತು ನಿಮಿಷ ಮೌನೇಶಜ್ಜ ಗೋಡೆಯ ಗಡಿಯಾರವನ್ನೇ ನೋಡಿದರು. ಹನ್ನೊಂದನೆಯ ನಿಮಿಷಕ್ಕೆ ಉಸಿರು ಬಿಟ್ಟರು. ತಾಸು ಮುಗಿಯುವವರೆಗೆ ಇಬ್ಬರೂ ಏಳಲಿಲ್ಲ. ನನ್ನ ಕಾಲದಲ್ಲಿ ಮೊದಲ್ಮದ್ದು ಕೊಡುವಾಗ ಮನೆಯವರೊಬ್ಬರು ಪಕ್ಕದಲ್ಲಿರಲೇಬೇಕೆಂಬ ನಿಯಮವಿದೆ. ನಾನು ಆ ನಿಯಮವನ್ನು ಪಾಲಿಸಿದಾಗಲೆಲ್ಲ ಆ ಎರಡು ಸ್ಟೂಲು ನೆನಪಾಗುತ್ತವೆ.

ಮುಂದಿನದು ನೆಟ್ಟಗೆ ನಡೆಯಲಿಲ್ಲ. ಶುಕ್ರವಾರ ನಿಮಗೆ ಜ್ವರ ಏರಿತು. ಎದೆಯ ಚಿತ್ರದಲ್ಲಿ ಬಲಗಡೆ ಮಬ್ಬು. ಹೊಸ ಔಷಧಿಯಿಂದಲೇ ಸೋಂಕು ಹೆಚ್ಚಿತೇ ಎಂದು ಶಬೀನಾ ಅವರಿಗೇ ಅಂಜಿಕೆಯಾಯಿತು. ಆ ದಿನದ ಪುಟದಲ್ಲಿ ಅವರು, ನಾನು ಅವಸರ ಮಾಡಿದೆನೇ, ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಸೋಂಕಿನ ಔಷಧಿಗಳಲ್ಲೂ ಕೆಲವು ಈ ರೋಗದವರ ಸ್ನಾಯುಗಳನ್ನು ಇನ್ನಷ್ಟು ಸೋಲಿಸುವುದರಿಂದ ಆರಿಸಿ ಆರಿಸಿ ಕೊಡಬೇಕಾಯಿತು. ಮೌನೇಶಜ್ಜ ಅವರನ್ನು ದೂರಲಿಲ್ಲ. ಹೊರಗಿನ ಬೆಂಚಿನ ಮೇಲೆ ಶನಿವಾರವಿಡೀ ಕೂತಿದ್ದರು. ಅರುಂಧತಿ ತಂದ ಬುತ್ತಿ ಬಿಚ್ಚಲಿಲ್ಲ. ಶಬೀನಾ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಾಗ, "ಆಕಿ ಕೇಳಿದ್ದನ್ನ ನೀವು ಕೊಟ್ರಿ. ನೀವು ಅಳಬ್ಯಾಡ್ರಿ ಮೇಡಂ" ಎಂದು ಆ ಬುತ್ತಿಯನ್ನೇ ಅವರ ಕೈಗಿಟ್ಟರು. ಡಾಕ್ಟರು ಅಲ್ಲೇ ನಿಂತು ರೊಟ್ಟಿ ತಿಂದರು.

ಭಾನುವಾರ ಜ್ವರ ಇಳಿಯಿತು. ಅದೇ ದಿನ ಮಧ್ಯಾಹ್ನ ನಿಮ್ಮ ಎಡಗಣ್ಣಿನ ರೆಪ್ಪೆ ಅಕ್ಕಿಕಾಳಿನಷ್ಟು ಎದ್ದಿತು. ಎಲ್ಲರಿಗಿಂತ ಮೊದಲು ಅದನ್ನು ನೋಡಿದವರು ಮೌನೇಶಜ್ಜ. ಕೂಗಲಿಲ್ಲ, ಕರೆಯಲಿಲ್ಲ, ಆ ಸಂದಿಗೆ ಸರಿಯಾಗಿ ಕಾಣುವಂತೆ ಮಂಡಿಯೂರಿ ತಮ್ಮ ಮುಖ ತಂದಿಟ್ಟರು. ನಿಮಗೆ ಕಂಡದ್ದು ಬರೀ ಬೆಳಕು, ಒಂದು ಮಬ್ಬು ನೆರಳು ಎಂದು ನೀವು ಆಮೇಲೆ ಮಗಳಿಗೆ ಹೇಳಿದ್ದೀರಿ. ಆ ನೆರಳು ಅವರು. ಸೋಮವಾರ ನೀವು ತಲೆ ಎತ್ತಿದಿರಿ. ಮಂಗಳವಾರ, ಒಂಬತ್ತನೆಯ ದಿನ, ಕೊಳವೆ ತೆಗೆದರು. ಕಾಯುವ ರೂಢಿಯಂತೆ ನಡೆದಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಲಾರೆ. ಹಳೆಯ ಔಷಧಿಯಲ್ಲೂ ನೀವು ಗುಣವಾಗಿರಬಹುದಿತ್ತು. ಒಬ್ಬ ರೋಗಿಯಿಂದ ಏನೂ ಸಿದ್ಧವಾಗುವುದಿಲ್ಲವೆಂದು ಶಬೀನಾ ತಾವೇ ಬರೆದಿದ್ದಾರೆ. ಅದರ ಕೆಳಗೇ ಇನ್ನೊಂದು ಸಾಲು: ಆದರೂ ಇವತ್ತು ಆಕಿ ಒಂದೇ ಉಸಿರಿನಲ್ಲಿ ಇಪ್ಪತ್ತಾರು ಎಣಿಸಿದಳು.

ಈಗ ನೀವು ಮನೆಗೆ ಬಂದು ಮೂರು ವಾರ. ಸ್ವಲ್ಪ ಸ್ವಲ್ಪವಾಗಿ ದನಿ ಮರಳುತ್ತಿದೆ. ಇನ್ನು ಐದು ತಿಂಗಳಿಗೆ ನೀವು ಗಾಜಿನ ಕೋಣೆಗೆ ಹಿಂದಿರುಗುತ್ತೀರಿ, ಬೆಳಗಿನ ಪಾಳಿಗೆ ಮಾತ್ರ. ಇಷ್ಟನ್ನು ಹೇಳಲು ಅಡ್ಡಿಯಿಲ್ಲ. ಒಳ್ಳೆಯದೆನಿಸಿದ ದಿನವೂ ಗುಳಿಗೆ ಬಿಡಬೇಡಿ. ನೆಗಡಿಯಾದರೆ ಅಂಗಡಿಯ ಮಾತ್ರೆ ನುಂಗದೆ ಶಬೀನಾ ಅವರಿಗೆ ಫೋನ್ ಮಾಡಿ. ಇದು ಉಸಿರ್ಗಾವಲಿನವಳ ಮಾತು.

ಇನ್ನು ಮರಿಮಗಳ ಮಗಳ ಮಾತು. ಈ ಮೂರು ವಾರದಲ್ಲಿ ನೀವು ಯಜಮಾನರೊಂದಿಗೆ ಆಡಿದ್ದು, ಊಟ ಮಾಡ್ರಿ, ನೀರು ಕೊಡ್ರಿ, ಅಷ್ಟೇ. ನಿಮಗೆ ದಣಿವೆಂದು ಅವರು ತಿಳಿದಿದ್ದಾರೆ. ಅವರಿಗೆ ನಿಮ್ಮ ಜೀವ ಬೇಕಿರಲಿಲ್ಲವೆಂದು ನೀವು ಮನಸ್ಸಿನಲ್ಲೇ ಕೊರಗುತ್ತಿದ್ದೀರಿ. ಅದನ್ನು ನೀವು ಮಗಳಿಗೆ ಬಾಯಿಬಿಟ್ಟು ಹೇಳುವುದು ಎಷ್ಟೋ ವರ್ಷಗಳ ಮೇಲೆ. ಅರುಂಧತಿ ಬರೆದಿರುವ ಪ್ರಕಾರ ಆ ಮಂಗಳವಾರದ ಬಗ್ಗೆ ನೀವಿಬ್ಬರೂ ಕೊನೆಯವರೆಗೂ ಮಾತಾಡಲೇ ಇಲ್ಲ. ಜಗಳವಾಡಲಿಲ್ಲ, ಬಿಟ್ಟುಹೋಗಲಿಲ್ಲ, ಮಗಳ ಮದುವೆ ಮಾಡಿದಿರಿ, ಮೊಮ್ಮಕ್ಕಳನ್ನು ಆಡಿಸಿದಿರಿ. ಆದರೆ ಒಬ್ಬರೊಬ್ಬರ ಮುಂದೆ ಆ ಬಾಗಿಲು ಮುಚ್ಚಿಯೇ ಇತ್ತು. ಅಪ್ಪ ತನಗೆ ಹೇಳಿದ್ದನ್ನು ಅವ್ವನಿಗೆ ಹೇಳಲು ತಾನು ತಡಮಾಡಿದೆನೆಂದು ಆಕೆ ತನ್ನ ಕೊನೆಯ ಪುಟದಲ್ಲಿ ನೊಂದುಕೊಂಡಿದ್ದಾಳೆ. ನನಗೆ ಹಿಂದಂಚೆಯ ಒಂದೇ ಕಾಗದವಿತ್ತು. ಅದನ್ನು ನಾನು ಬೇರೆ ಯಾವುದಕ್ಕೂ ಬಳಸಲಾರದೆ ಹೋದೆ.

ಇವತ್ತು ಸಂಜೆ ಅವರು ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ನಿಮ್ಮ ಮಂಚದ ಪಕ್ಕ ಏನು ಮಾತಾಡಬೇಕೆಂದು ತಿಳಿಯದೆ ಕೂರುತ್ತಾರೆ. ಆಗ ಕೇಳಿ, ಅಜ್ಜಿ. ಯಾಕೆ ಬೇಡವೆಂದಿರಿ ಎಂದು ಕೇಳಬೇಡಿ. "ಗಂಗವ್ವ ಹೆಂಗಿದ್ಲು, ಹೇಳ್ರಿ" ಎನ್ನಿ. ಅವರು ಅಳಬಹುದು, ಎದ್ದು ಹೊರಗೆ ಹೋಗಲೂಬಹುದು. ಹೋದರೆ ಬರುವವರೆಗೆ ಕಾದಿರಿ. ಆಮೇಲೆ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಅದು ನನ್ನ ಬಳಿ ಇರುವ ಯಾವ ಕಾಗದದಲ್ಲೂ ಇಲ್ಲ.

ನಿಮ್ಮ
ಇಳಾ